ಬಿಡಿಸದೆ ಬಿಟ್ಟ ಮಲ್ಲಿಗೆ

ಕಳೆದ ಏಪ್ರಿಲ್‌ನಲ್ಲಿ ಒಂದು ಮಲ್ಲಿಗೆ ಗಿಡದ ಮೊಗ್ಗನ್ನು ಬಿಡಿಸದೆ ಹಾಗೇ ಬಿಟ್ಟೆ. ಶ್ರೀರಂಗಪಟ್ಟಣದ ಹತ್ತಿರ ನಮ್ಮ ಹಿತ್ತಲಲ್ಲಿ ಇರುವುದೇ 12 ಗಿಡ. ಹಂಗಾಮಿನಲ್ಲಿ ಒಂದು ಗಿಡ ಬಿಟ್ಟರೆ ದಿನಕ್ಕೆ ಎರಡು ಮೊಳ ಹೂವು ಹೋದಂತೆ. "ಸುಮ್ನೆ ಹಾಳು ಮಾಡ್ತಿದ್ದೀಯಲ್ಲಮ್ಮ" ಅಂತ ಅತ್ತೆ ಗೊಣಗಿದರು.

20 ವರ್ಷದಿಂದ ಹೂವು ಕಟ್ಟುತ್ತಿದ್ದೇನೆ. ಬೆಳಗಿನ ಜಾವ ಮೊಗ್ಗು ಬಿಡಿಸಿ, ಬಾಳೆ ನಾರಿನಲ್ಲಿ ಕಟ್ಟಿ, ಮೈಸೂರಿನ ದೇವರಾಜ ಮಾರುಕಟ್ಟೆಗೆ ಕಳಿಸುತ್ತೇನೆ. ಇಷ್ಟು ವರ್ಷದಲ್ಲಿ ನನ್ನ ಮಲ್ಲಿಗೆ ಗಿಡದ ಮೇಲೇ ಪೂರ್ತಿ ಅರಳಿದ್ದನ್ನು ನಾನೇ ಸರಿಯಾಗಿ ನೋಡಿರಲಿಲ್ಲ. ಜನಕ್ಕೆ ಹೂವು ಯಾಕೆ ಇಷ್ಟು ಚೆಂದ ಅನ್ನುವುದು ತಲೆ ಕೊರೆಯುತ್ತಿತ್ತು. ನೋಡಿಯೇ ಬಿಡೋಣ ಅಂತ ಕೂತೆ.

ಟಾರ್ಚಿಗೆ ಗಿಫ್ಟ್ ಸುತ್ತುವ ಕೆಂಪು ಹಾಳೆ ಸುತ್ತಿದೆ. ಪತಂಗಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣದು. ಮೊದಲ ಎರಡು ರಾತ್ರಿ ಸೊಳ್ಳೆ ಬಿಟ್ಟರೆ ಬೇರೇನೂ ಬರಲಿಲ್ಲ. ಮೂರನೇ ರಾತ್ರಿ ಒಂದು ದಪ್ಪ ಪತಂಗ ಬಂತು. ಕೂರಲೇ ಇಲ್ಲ. ಗಾಳಿಯಲ್ಲೇ ನಿಂತು, ಉದ್ದನೆಯ ನಾಲಿಗೆಯನ್ನು ಹೂವಿನ ಕೊಳವೆಗೆ ಇಳಿಸಿ, ಪಕ್ಕದ ಹೂವಿಗೆ ಹೋಯಿತು. ಕತ್ತಲಲ್ಲೂ ಕಾಣುವ ಬಿಳುಪು, ಸಂಜೆ ಮೇಲೆ ಏಳುವ ಘಮ, ಎಲ್ಲ ಇದಕ್ಕಾಗಿ. ನನ್ನ ಜಡೆಗಲ್ಲ.

ಹಗಲಿನ ಹೂವಿನ ಕಥೆಯೂ ಅಷ್ಟೆ. ಜೇನುನೊಣಕ್ಕೆ ಕೆಂಪು ಕಾಣದು, ನಮಗೆ ಕಾಣದ ಅತಿನೇರಳೆ ಬೆಳಕು ಕಾಣುತ್ತದೆ. ಜೇನಿಗೆ ಬಣ್ಣ ತಿಳಿಯುತ್ತದೆ ಅಂತ ಸಕ್ಕರೆ ನೀರು ಇಟ್ಟು ತೋರಿಸಿದವರು ಆಸ್ಟ್ರಿಯಾದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್. ಮುಂದೆ 1973ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಹಾಗಾದರೆ ನಮಗೇನು ಅದರ ಗೊಡವೆ? ಹೂವು ಇದ್ದಲ್ಲಿ ಮುಂದೆ ಹಣ್ಣು ಸಿಗುತ್ತದೆ, ಅದಕ್ಕೇ ನಮ್ಮ ಹಿಂದಿನವರ ಕಣ್ಣು ಹೂವಿನ ಕಡೆ ತಿರುಗಿತು ಅನ್ನುವುದು ವಿಜ್ಞಾನಿಗಳ ಒಂದು ವಾದ. ನನಗೆ ಅರ್ಧ ಒಪ್ಪಿಗೆ. ಅದೇ ಪೂರ್ತಿ ನಿಜವಾಗಿದ್ದರೆ ನಾವು ಅವರೆ ಹೂವು ಮುಡಿಯಬೇಕಿತ್ತು, ಅಲ್ವಾ? ಮಾವಿನ ಹೂವಿಗೆ ಮೊಳಕ್ಕೆ ಇಷ್ಟು ಅಂತ ರೇಟು ಇರಬೇಕಿತ್ತು. ಆದರೆ ಬಣ್ಣದ ಮಾತಿಗೆ ಬಂದರೆ ವಾದಕ್ಕೆ ಬಲ ಇದೆ. ಹಸುವಿಗೆ, ನಾಯಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯದು. ನಮ್ಮೂರ ಕೋತಿಗೂ ನಮಗೂ ತಿಳಿಯುತ್ತದೆ. ಕನಕಾಂಬರಕ್ಕೆ ಒಂಚೂರೂ ವಾಸನೆ ಇಲ್ಲ. ಆದರೂ ಮಲ್ಲಿಗೆ ನಡುವೆ ಸೇರಿಸಿ ಕಟ್ಟಿದ ದಂಡೆ ಮೊದಲು ಖರ್ಚಾಗುತ್ತದೆ.

ಘಮದ್ದು ಇನ್ನೂ ವಿಚಿತ್ರ. ಮಲ್ಲಿಗೆಯ ಕಂಪಿನಲ್ಲಿ ಇಂಡೋಲ್ ಅನ್ನುವ ಪದಾರ್ಥ ಇದೆ. ಮಲದ ನಾತದಲ್ಲೂ ಅದೇ ಇದೆ. ಚೂರು ಇದ್ದರೆ ಘಮ, ಜಾಸ್ತಿಯಾದರೆ ಹೊಲಸು. ಇದನ್ನು ಗಿರಾಕಿಗಳ ಹತ್ತಿರ ಬಾಯಿ ಬಿಡಬೇಡ ಅಂತ ನಮ್ಮೆಜಮಾನರು ಕಟ್ಟಪ್ಪಣೆ ಮಾಡಿದ್ದಾರೆ.

ನನಗೆ ನಿಜವಾಗಿ ಹೊಸತು ಅನ್ನಿಸಿದ್ದು ಆಮೇಲೆ. ಆ ಗಿಡದ ಹೂವೆಲ್ಲ ಉದುರಿತು. ಒಂದೇ ಒಂದು ಕಾಯಿ ಕಟ್ಟಲಿಲ್ಲ! ಪತಂಗ ಬಂದು ಹೋದದ್ದೇ ಬಂತು. ಯೋಚಿಸಿದರೆ, ಜಿಐ ಗುರುತು (ಇದು ಇಂಥ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು) ಪಡೆದ ನಮ್ಮ ಮೈಸೂರು ಮಲ್ಲಿಗೆಯನ್ನು ಬೀಜ ಹಾಕಿ ಬೆಳೆಸಿದವರನ್ನು ನಾನು ಕಂಡೇ ಇಲ್ಲ. ಎಲ್ಲರೂ ಕಡ್ಡಿ ನೆಡುವವರೇ. ಗುಲಾಬಿಯನ್ನೇ ನೋಡಿ. ಕಾಡುಗುಲಾಬಿಗೆ ಸಾಮಾನ್ಯವಾಗಿ ಐದೇ ಎಸಳು. ಅಂಗಡಿಯ ಗುಲಾಬಿಯಲ್ಲಿ ಪರಾಗ ಕೊಡುವ ಕೇಸರಗಳೇ ಎಸಳಾಗಿಬಿಟ್ಟಿವೆ. ಜೇನಿಗೆ ಅದರಿಂದ ನಷ್ಟವೇ. ನಮಗೆ ಚೆಂದ ಕಂಡಿತು, ಕಡ್ಡಿ ನೆಟ್ಟೆವು, ಕಸಿ ಕಟ್ಟಿದೆವು, ಅದು ಉಳಿಯಿತು. ಚೆಂಡುಹೂವಿನ ತವರು ಮೆಕ್ಸಿಕೊ ಕಡೆ. ಈಗ ಅದಿಲ್ಲದೆ ಆಯುಧಪೂಜೆ ದಿನ ಮೈಸೂರಿನಲ್ಲಿ ಒಂದು ಆಟೋನೂ ಹೊರಡುವುದಿಲ್ಲ.

ಹೂವು ಯಾಕೆ ಚೆಂದ ಅಂತ ಈಗ ಯಾರಾದರೂ ಕೇಳಿದರೆ, ಚೆಂದ ಕಂಡದ್ದನ್ನೇ ಆರಿಸಿ ಬೆಳೆಸಿಕೊಂಡು ಬಂದಿದ್ದೇವಲ್ಲ ಅನ್ನುತ್ತೇನೆ. ಪತಂಗದ ಕೆಲಸ ನಮ್ಮ ಕೈಗೆ ಬಂದಿದೆ.

ಮಳೆ ಶುರುವಾದ ಮೇಲೆ ಪಕ್ಕದ ಬೀದಿಯ ಅಕ್ಕ ಮಲ್ಲಿಗೆ ಕಡ್ಡಿ ಕೇಳಿಕೊಂಡು ಬಂದರು. ಆ ಬಿಟ್ಟ ಗಿಡದಿಂದಲೇ ಆರು ಕಡ್ಡಿ ಕತ್ತರಿಸಿ ಕೊಟ್ಟೆ. ನಾಲ್ಕು ಚಿಗುರಿವೆಯಂತೆ.