ದೊಡ್ಡ ಸ್ವಿಮ್‌ಬೇಟ್ ಎಸೆದರೂ ಬಾಸ್ ಬೆದರದ ಹಾಗೆ: ನನ್ನ ಅನುಭವ

ಆ ಮೀನು ನನ್ನ ಕಣ್ಣೆದುರೇ ಇತ್ತು. ಮುಳುಗಿದ ಮರದ ಕೊಂಬೆಯ ನೆರಳು, ಮೂರಡಿ ಆಳದ ತಿಳಿನೀರು, ಅದರಲ್ಲಿ ರೆಕ್ಕೆ ಮಾತ್ರ ಆಡಿಸುತ್ತಾ ನಿಂತ ದೊಡ್ಡ ಲಾರ್ಜ್‌ಮೌತ್ ಬಾಸ್. ನನ್ನ ರಾಡ್‌ನಲ್ಲಿ 8 ಇಂಚು ಉದ್ದದ, 4 ಔನ್ಸ್ ತೂಕದ ಸ್ವಿಮ್‌ಬೇಟ್, ಅಂದರೆ ಎಳೆದಾಗ ಮೀನಿನ ಹಾಗೆ ಈಜುವ ಕೃತಕ ಬೇಟ್, ನೇತಾಡುತ್ತಿತ್ತು. ನೇರವಾಗಿ ಮೀನಿನ ಮೂತಿಯ ಮುಂದಕ್ಕೇ ಎಸೆದೆ. ಧೊಪ್ಪನೆ ಬಿತ್ತು. ಅಲೆ ಅಡಗಿದ ಮೇಲೆ ನೋಡಿದರೆ ಕೊಂಬೆಯ ಕೆಳಗೆ ಕದಡಿದ ಕೆಸರು ಮಾತ್ರ ಇತ್ತು.

ಅಂಥ ಮೀನುಗಳನ್ನು ಆ ವರ್ಷ ನಾನು ಹಲವು ಸಲ ಓಡಿಸಿದೆ. ಸಣ್ಣ ಬೇಟ್ ಹಾಕು, ಸದ್ದು ಕಡಿಮೆಯಾಗುತ್ತದೆ ಅಂತ ಜೊತೆಯವರು ಹೇಳಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ದೊಡ್ಡ ಬಾಸ್ ದೊಡ್ಡ ಬೇಟೆಯನ್ನೇ ಹುಡುಕುತ್ತದೆ ಅನ್ನುವುದರ ಮೇಲೇ ಈ ಪದ್ಧತಿ ನಿಂತಿದೆ. ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದ ಜಲಾಶಯಗಳಲ್ಲಿ ಇದು ಬೆಳೆದದ್ದೂ ಹಾಗೆಯೇ. 1959ರಲ್ಲಿ ಫ್ಲೋರಿಡಾ ತಳಿಯ ಬಾಸ್ ಅನ್ನು ಸ್ಯಾನ್ ಡಿಯಾಗೋದ ಕೆರೆಗಳಿಗೆ ತಂದು ಬಿಟ್ಟರು. ಅದೇ ನೀರಿಗೆ ಬಿಡುತ್ತಿದ್ದ ರೇನ್‌ಬೋ ಟ್ರೌಟ್ ಮೀನುಗಳನ್ನು ತಿಂದು ಆ ಬಾಸ್‌ಗಳು ಭಾರಿ ಗಾತ್ರಕ್ಕೆ ಬೆಳೆದವು. ಆಗ ಅಲ್ಲಿನವರು ಟ್ರೌಟ್ ಗಾತ್ರದ ಬೇಟ್‌ಗಳನ್ನೇ ಮಾಡಿಕೊಂಡರು. ಹಾಗಾಗಿ ಬೇಟ್‌ನ ಗಾತ್ರವನ್ನು ಬಿಟ್ಟುಕೊಡದೆ, ಅದು ಬೀಳುವ ರೀತಿಯನ್ನು ಬದಲಾಯಿಸುವುದು ಅಂತ ತೀರ್ಮಾನ ಮಾಡಿದೆ.

ಅದಕ್ಕೆ ಮೊದಲು ನನ್ನ ಎಸೆತವನ್ನೇ ಗಮನಿಸಿದೆ. ಬೇಟ್ ಆಕಾಶಕ್ಕೆ ಏರಿ, ಗಾಳಿಯಲ್ಲಿ ಗಿರಗಿರ ತಿರುಗಿ, ಮೇಲಿಂದ ಅಡ್ಡಡ್ಡ ಬೀಳುತ್ತಿತ್ತು. ಇಡೀ ಪಕ್ಕೆ ನೀರಿಗೆ ಬಡಿದರೆ ಸದ್ದು ಬರದೆ ಇರುತ್ತದಾ? ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ. ಅದರ ಜೊತೆಗೆ ಹತ್ತಿರದ ನೀರಿನ ಅಲುಗಾಟವನ್ನು ಬಾಸ್ ತನ್ನ ಪಕ್ಕೆಯ ಉದ್ದಕ್ಕೂ ಇರುವ ಗೆರೆಯಿಂದಲೇ ಗುರುತಿಸುತ್ತದೆ. ಅದಕ್ಕೆ ಕಣ್ಣೇ ಬೇಕಾಗಿಲ್ಲ.

ಇದರ ಮದ್ದು ಹೆಬ್ಬೆರಳಿನಲ್ಲಿದೆ. ನನ್ನ ಮಟ್ಟಿಗೆ ಈ ಕೆಲಸದ ಮುಕ್ಕಾಲು ಪಾಲು ಅದೇ. ಬೇಟ್ ಹಾರುವಾಗ ದಾರ ಸುತ್ತಿದ ಉರುಳೆಯ, ಅಂದರೆ ಸ್ಪೂಲ್‌ನ, ಮೇಲೆ ಹೆಬ್ಬೆರಳನ್ನು ತಾಗಿಯೂ ತಾಗದ ಹಾಗೆ ಇಟ್ಟಿರುತ್ತೇನೆ. ನೀರು ಇನ್ನು ಹತ್ತು ಹನ್ನೆರಡು ಅಡಿ ಇದೆ ಅನ್ನುವಾಗ ಮೆಲ್ಲಗೆ ಒತ್ತುತ್ತಾ ಬರುತ್ತೇನೆ. ದಾರ ಬಿಗಿಯಾಗುತ್ತದೆ. ಬೇಟ್‌ನ ಮೂತಿ ನನ್ನ ಕಡೆಗೆ ಎಳೆದು, ಅದರ ಮೈ ನೇರವಾಗುತ್ತದೆ. ಅದೇ ಗಳಿಗೆಯಲ್ಲಿ ರಾಡ್‌ನ ತುದಿಯನ್ನು ಒಂದೆರಡು ಅಡಿ ಮೇಲಕ್ಕೆ ಎತ್ತಿದರೆ ಬೇಟ್‌ನ ವೇಗ ಇಳಿದು, ಅದು ಬಾಲ ಮುಂದಾಗಿ ಓರೆಯಾಗಿ ನೀರಿಗೆ ಜಾರುತ್ತದೆ. ಆಗ ಬರುವುದು 'ಪುಳಕ್' ಅನ್ನುವ ಸದ್ದು. ಮೂತಿ ನನ್ನ ಕಡೆಗೇ ಇರುವುದರಿಂದ ಹ್ಯಾಂಡಲ್ ತಿರುಗಿಸಿದ ಕೂಡಲೇ ಬೇಟ್ ಈಜತೊಡಗುತ್ತದೆ. ಅಡ್ಡ ಬಿದ್ದ ಬೇಟ್ ಹಾಗಲ್ಲ, ತಿರುಗಿ ಸರಿಹೋಗುವ ತನಕ ಸುಮ್ನೆ ಒದ್ದಾಡುತ್ತದೆ.

ಒತ್ತುವುದು ತಡವಾದರೆ ಪ್ರಯೋಜನವಿಲ್ಲ. ಒಮ್ಮೆಲೇ ಗಟ್ಟಿಯಾಗಿ ಒತ್ತಿದರೆ ಬೇಟ್ ಗಾಳಿಯಲ್ಲೇ ಗಕ್ಕನೆ ನಿಂತು ಕಲ್ಲಿನ ಹಾಗೆ ಕೆಳಗೆ ಬೀಳುತ್ತದೆ. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಕೊಕ್ಕೆಗಳನ್ನು ಬಿಚ್ಚಿಟ್ಟು, ಹುಲ್ಲಿನ ಮೈದಾನದಲ್ಲಿ ಒಂದು ಟವೆಲ್ ಹಾಸಿ, ಅದರ ಮೇಲೆ ಬೇಟ್ ಇಳಿಸುವುದನ್ನು ವಾರಗಟ್ಟಲೆ ಮಾಡಿದೆ. ದೂರದ ಕಡೆಗೆ ಗಮನ ಕೊಡಲೇ ಇಲ್ಲ. ಬೇಟ್ ಪುಟಿಯದೆ ಹುಲ್ಲಿನ ಮೇಲೆ ಜಾರಿದರೆ ಮಾತ್ರ ಲೆಕ್ಕ. ಹೆಬ್ಬೆರಳು ಉರಿಯತೊಡಗಿದಾಗ ಬಟ್ಟೆಯ ಪಟ್ಟಿ ಸುತ್ತಿಕೊಂಡು ಮುಂದುವರಿಸಿದೆ.

ಎಸೆಯುವ ರೀತಿಯೂ ಬದಲಾಗಬೇಕಾಯಿತು. ಸಣ್ಣ ಬೇಟ್ ಎಸೆಯುವ ಹಾಗೆ ಮಣಿಕಟ್ಟು ಝಾಡಿಸಿದರೆ ಸ್ಪೂಲ್ ಎದ್ದುಬಿದ್ದು ತಿರುಗಿ ದಾರ ಗೋಜಲಾಗುತ್ತದೆ. ದಾರ ತುಂಡಾಗಿ ಬೇಟ್ ಒಂದೇ ಹಾರಿಹೋಗುವುದೂ ಉಂಟು. ಈಗ ನಾನು ಬಳಸುವುದು ಸುಮಾರು 8 ಅಡಿಯ ಹೆವಿ ರಾಡ್, 25 ಪೌಂಡ್ ಭಾರ ತಡೆಯುವ ದಾರ. ರಾಡ್ ತುದಿಯಿಂದ ಬೇಟ್ ಎರಡು ಎರಡೂವರೆ ಅಡಿ ಕೆಳಗೆ ನೇತಾಡುವಷ್ಟು ದಾರ ಬಿಡುತ್ತೇನೆ. ಎರಡೂ ಕೈಯಲ್ಲಿ ಹಿಡಿದು, ಬೇಟ್‌ನ ಭಾರ ರಾಡ್ ಅನ್ನು ಬಗ್ಗಿಸಿದ್ದು ಕೈಗೆ ಗೊತ್ತಾದ ಮೇಲೆ, ಪಕ್ಕದಿಂದ ನಿಧಾನಕ್ಕೆ ಒಂದೇ ಬೀಸು. ಬೇಟ್ ನೀರಿನಿಂದ ಹೆಚ್ಚು ಮೇಲೇಳದೆ ತಗ್ಗಿನಲ್ಲೇ ಹಾರಬೇಕು. ಮೂವತ್ತು ನಲವತ್ತು ಅಡಿ ಸಾಕು ಅನ್ನುವ ಕಡೆ ಬೀಸುವುದೇ ಇಲ್ಲ, ತೊಟ್ಟಿಲು ತೂಗಿದ ಹಾಗೆ ಕೆಳಗಿನಿಂದ ತೂಗಿ ಬಿಡುತ್ತೇನೆ. ಎಲ್ಲಕ್ಕಿಂತ ಮೆತ್ತಗೆ ಇಳಿಯುವುದು ಅದೇ.

ಇನ್ನು ಎಲ್ಲಿಗೆ ಎಸೆಯಬೇಕು ಅನ್ನುವುದು. ಮೀನು ಇರುವ ಕಡೆಗೆ ಎಸೆಯುವ ಅಭ್ಯಾಸವನ್ನು ನಾನು ಪೂರ್ತಿ ಬಿಟ್ಟೆ. ಮೀನಿಗಿಂತ ಹದಿನೈದು ಇಪ್ಪತ್ತು ಅಡಿ ಆಚೆಗೆ, ಸ್ವಲ್ಪ ಪಕ್ಕಕ್ಕೆ ಇಳಿಸುತ್ತೇನೆ. ನಡುವಿನ ದೂರವನ್ನು ಬೇಟ್ ಈಜಿಕೊಂಡು ಬರಲಿ. ನೀರಿನ ಅಂಚಿನಲ್ಲಿ ಹುಲ್ಲೋ ಮಣ್ಣೋ ಇದ್ದರೆ ಇನ್ನೂ ಒಳ್ಳೆಯದು. ದಡದ ಮೇಲೇ ಬೇಟ್ ಇಳಿಸಿ, ಕಪ್ಪೆ ಜಾರಿದ ಹಾಗೆ ಮೆಲ್ಲಗೆ ನೀರಿಗೆ ಎಳೆದುಕೊಳ್ಳುತ್ತೇನೆ. ಕಲ್ಲು ಬಂಡೆ ಇರುವ ದಡದಲ್ಲಿ ಇದನ್ನು ಮಾಡಲು ಹೋಗಬೇಡಿ, ಬೇಟ್ ಒಡೆಯುತ್ತದೆ. ತೇಲುವ ಬೇಟ್ ಆದರೆ ಅಲೆಯ ಬಳೆಗಳು ಅಳಿಸುವ ತನಕ ಅಲುಗಿಸದೆ ಬಿಡುತ್ತೇನೆ. ಆ ಹೊತ್ತು ತುಂಬ ಉದ್ದ ಅನ್ನಿಸುತ್ತದೆ, ಆದರೂ ಕೈ ತಡೆದುಕೊಳ್ಳಬೇಕು.

ಒಂದು ಜಾಗದಲ್ಲಿ ಮೊದಲ ಎಸೆತವೇ ಮುಖ್ಯ. ಎರಡನೆಯದರಲ್ಲಿ ಮೀನು ಸಿಕ್ಕಿದೆ, ಐದನೆಯದರಲ್ಲಿ ಸಿಕ್ಕಿದ್ದು ಬಹಳ ಕಮ್ಮಿ. ಹಾಗಾಗಿ ಎಸೆಯುವ ಮುಂಚೆ ನಿಂತು ನೋಡುವುದಕ್ಕೇ ಹೆಚ್ಚು ಸಮಯ ಕೊಡುತ್ತೇನೆ. ಬಿಸಿಲು ನನ್ನ ಬೆನ್ನಿಗಿದ್ದರೆ ನನ್ನ ನೆರಳು, ರಾಡ್‌ನ ನೆರಳು ಎಲ್ಲ ನೀರಿನ ಮೇಲೆ ಬೀಳುತ್ತದೆ, ಆಗ ಜಾಗ ಬದಲಿಸುತ್ತೇನೆ. ಮೀನಿನ ಕಣ್ಣಿಗೆ ಹೊರಗಿನ ಇಡೀ ಲೋಕ ಸುಮಾರು 97 ಡಿಗ್ರಿಯ ಒಂದು ಗುಂಡು ಕಿಟಕಿಯೊಳಗೆ ಕಾಣುತ್ತದೆ. ನೀರಿನ ಮಟ್ಟಕ್ಕೆ ಹತ್ತಿರ ಇರುವುದೆಲ್ಲ ಅದರ ಅಂಚಿನಲ್ಲಿ ಅಮುಕಿ ಹೋಗುತ್ತದೆ. ನೀರಿನ ಮಟ್ಟದಿಂದ 10 ಡಿಗ್ರಿ ಕೋನಕ್ಕಿಂತ ಕೆಳಗಿರುವುದು ಮೀನಿಗೆ ಸರಿಯಾಗಿ ಕಾಣುವುದಿಲ್ಲ ಅಂತ ಲೆಕ್ಕ ಹಿಡಿದರೆ, 10 ಮೀಟರ್ ದೂರದಲ್ಲಿ ನಿಂತ ಮನುಷ್ಯನ ತಲೆ ಸರಿಯಾಗಿ ಆ ಗೆರೆಗೆ ಬರುತ್ತದೆ. ಅದಕ್ಕಿಂತ ಹತ್ತಿರ ಹೋಗಬೇಕಾದರೆ ನಾನು ಮಂಡಿಯೂರುತ್ತೇನೆ. ದೋಣಿಯಲ್ಲಿದ್ದರೆ ಮೋಟಾರನ್ನು ಆಗಾಗ ಆನ್ ಆಫ್ ಮಾಡದೆ ಕಡಿಮೆ ವೇಗದಲ್ಲಿ ಒಂದೇ ಸಮನೆ ಬಿಟ್ಟಿರುತ್ತೇನೆ. ಇಕ್ಕಳ, ಪೆಟ್ಟಿಗೆ ಯಾವುದನ್ನೂ ದೋಣಿಯ ತಳಕ್ಕೆ ಬಡಿಯುವ ಹಾಗೆ ಇಡುವುದಿಲ್ಲ.

ಇಷ್ಟೆಲ್ಲ ಎಚ್ಚರ ಯಾವಾಗಲೂ ಬೇಕಾ ಅಂದರೆ, ಇಲ್ಲ. ಗಾಳಿಗೆ ನೀರು ಅಲೆಯೇಳುತ್ತಿದ್ದರೆ, ಮಳೆ ಬೀಳುತ್ತಿದ್ದರೆ, ನೀರು ಕದಡಿದ್ದರೆ ಸ್ವಲ್ಪ ಸದ್ದು ಒಳ್ಳೆಯದನ್ನೇ ಮಾಡುತ್ತದೆ. ಮೀನು ಅದನ್ನು ಕೇಳಿ ಹುಡುಕಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ತಿಳಿನೀರು, ತಗ್ಗು ಆಳ, ಗಾಳಿಯಿಲ್ಲದ ಬೆಳಗು ಮೂರೂ ಸೇರಿದ ದಿನ ಮಾತ್ರ ಯಾವುದರಲ್ಲೂ ರಿಯಾಯಿತಿ ಇಲ್ಲ.

ಮುಂದಿನ ವರ್ಷ ಅಂಥದ್ದೇ ಒಂದು ಬೆಳಗ್ಗೆ ಅದೇ ಮುಳುಗಿದ ಮರದ ಹತ್ತಿರ ಹೋದೆ. ಕೊಂಬೆಯ ಕೆಳಗೆ ಒಂದು ಮೀನು ಇತ್ತು, ಅದೇನಾ ಬೇರೆಯದಾ ಹೇಳಲಾರೆ. ದೂರದಲ್ಲೇ ಮಂಡಿಯೂರಿದೆ. ಕೊಂಬೆಯ ಆಚೆಗಿನ ಹುಲ್ಲಿನ ಮೇಲೆ ಬೇಟ್ ಇಳಿಸಿ, ನೀರಿಗೆ ಜಾರಿಸಿ, ನಿಧಾನಕ್ಕೆ ಸುತ್ತತೊಡಗಿದೆ. ಬೇಟ್ ಕೊಂಬೆಯ ಪಕ್ಕಕ್ಕೆ ಬಂದಾಗ ಮೀನು ಹೊರಳಿತು. ನಾಲ್ಕಡಿ ದೂರ ಹಿಂದೆಯೇ ಬಂತು. ಸುತ್ತುವ ವೇಗವನ್ನು ನಾನು ಬದಲಿಸಲಿಲ್ಲ. ಬಿಳಿ ಬಾಯಿ ತೆರೆದದ್ದು ಕಂಡಿತು, ಆದರೂ ಕೈಗೆ ಭಾರ ತಿಳಿಯುವ ತನಕ ಕಾದು, ಆಮೇಲೆ ರಾಡ್ ಎಳೆದೆ.

ರಬ್ಬರ್ ಬಲೆಯಲ್ಲಿ ಎತ್ತಿ, ನೀರಿನಲ್ಲೇ ಇಟ್ಟುಕೊಂಡು ಕೊಕ್ಕೆ ಬಿಡಿಸಿದೆ. ಬಾಲ ತಾನಾಗಿ ಒದೆಯುವ ತನಕ ಮೆಲ್ಲಗೆ ಹಿಡಿದಿದ್ದು ಬಿಟ್ಟೆ. ನೇರವಾಗಿ ಆ ಕೊಂಬೆಯ ಕಡೆಗೇ ಹೋಯಿತು. ಆ ದಿನ ಅಲ್ಲಿಗೆ ಮತ್ತೆ ಎಸೆಯಲಿಲ್ಲ.