ಪಿನ್‌ಬಾಲ್ ಯಂತ್ರದ ವೈರು: ಕತ್ತರಿ ಹಾಕೋ ಮೊದಲು

ಹಳೇ ಪಿನ್‌ಬಾಲ್ ಯಂತ್ರದ (ಉಕ್ಕಿನ ಗುಂಡು ಚಿಮ್ಮಿಸಿ ಅಂಕ ಗಳಿಸುವ ಆಟ) ಆಟದ ಹಲಗೆಯನ್ನು ಮೊದಲ ಸಲ ಎತ್ತಿ ನೋಡಿದವರು ಸುಮ್ನೆ ಇಳಿಸಿಬಿಡುತ್ತಾರೆ. ಅಡಿಯಲ್ಲಿ ಅಷ್ಟು ವೈರು! ಆದರೆ ಹೆದರಬೇಕಾಗಿಲ್ಲ. 1970ರ ದಶಕದ ಮಧ್ಯದವರೆಗೆ ಬಂದ ಯಂತ್ರಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಇವನ್ನು ಮಾಡುತ್ತಿದ್ದ ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಮೂರೂ ಚಿಕಾಗೋದ ಕಂಪನಿಗಳು. ಸ್ವಿಚ್ಚು, ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್ಚು), ಕಾಯಿಲ್ (ತಂತಿಯ ಸುರುಳಿ), ಒಂದು ಪುಟ್ಟ ಮೋಟಾರ್, ಇಷ್ಟರಲ್ಲೇ ಅವರು ಅಂಕ ಎಣಿಸುವ ಕೆಲಸವನ್ನೂ ಮಾಡಿಸಿದ್ದರು. ಅಂದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ.

ನಾನು ಕಂಡಂತೆ ವೈರು ತಾನಾಗಿ ಕೆಟ್ಟದ್ದು ಕಡಿಮೆ. ಇಲಿ ಕಡಿದದ್ದು ಅಷ್ಟಿಷ್ಟು. ಹಿಂದೆ ಯಾರೋ ‘ರಿಪೇರಿ’ ಮಾಡಿ ಕೆಡಿಸಿದ್ದೇ ಜಾಸ್ತಿ. ತಿರುಚಿ ಟೇಪು ಸುತ್ತಿದ ತುದಿಗಳು, ಫ್ಯೂಸ್ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ಮೊದಲು ಹುಡುಕಬೇಕಾದ್ದು ಇಂಥದ್ದನ್ನೇ.

ಕೈ ಹಾಕುವ ಮುನ್ನ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ಯಂತ್ರಗಳ ಪವರ್ ಕಾರ್ಡಿನಲ್ಲಿ ಎಷ್ಟೋ ಸಲ ಎರಡೇ ವೈರು, ಅರ್ಥಿಂಗ್ ಇರುವುದಿಲ್ಲ. ರಬ್ಬರು ಬಿರುಕು ಬಿಟ್ಟಿದ್ದರೆ ಅದನ್ನು ತೆಗೆದು ಮೂರು ವೈರಿನದ್ದು ಹಾಕಿಸಿ. ಗೋಡೆಯ ಕರೆಂಟಿನ ಈ ಭಾಗ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನನ್ನೇ ಕರೆಯಿರಿ. ಅಮೆರಿಕದಿಂದ ಬೆಂಗಳೂರಿಗೆ ಯಂತ್ರ ತಂದವರು ಇನ್ನೊಂದು ಮಾತು ನೆನಪಿಡಿ: ಅದು 120 ವೋಲ್ಟಿನದು. ನಮ್ಮ 230ಕ್ಕೆ ನೇರ ಚುಚ್ಚಿದರೆ ಕತೆ ಮುಗಿಯಿತು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಆಮೇಲೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೇಕೆನಿಸಿದ್ದಕ್ಕಿಂತ ಜಾಸ್ತಿಯೇ ತೆಗೆಯಿರಿ. ನಿಮ್ಮ ಮಾಡೆಲ್ಲಿನ ಸರ್ಕ್ಯೂಟ್ ನಕ್ಷೆಯನ್ನು ಪಕ್ಕದಲ್ಲಿ ಹರಡಿಕೊಳ್ಳಿ.

ಈಗ ತುಂಡಾದ ವೈರಿನ ಜೋಡಿ ಹುಡುಕಬೇಕು. ಬಣ್ಣ ನಂಬಿ ಮೋಸ ಹೋಗುವುದು ಇಲ್ಲೇ. ಬಟ್ಟೆ ಹೊದಿಕೆಯ ವೈರಿಗೆ ಒಂದು ಮೂಲ ಬಣ್ಣ, ಅದರ ಮೇಲೆ ಇನ್ನೊಂದು ಬಣ್ಣದ ಎಳೆ ಇರುತ್ತದೆ. ಐವತ್ತು ವರ್ಷದ ದೂಳು, ಬೆಳಕು ತಿಂದ ಮೇಲೆ ಹಳದಿ ಎಳೆಯದೂ ಬರೀ ಬಿಳಿಯದೂ ಒಂದೇ ಥರ ಕಾಣುತ್ತವೆ. ನಾನೂ ಒಮ್ಮೆ ಹೀಗೇ ಎರಡು ‘ಬಿಳಿ’ ವೈರು ಕೂಡಿಸಿದ್ದೆ. ಆಟ ಶುರು ಮಾಡಿದ ಕೂಡಲೇ ಗಂಟೆ ಬಾರಿಸಲು ಶುರುವಾಯಿತು, ನಿಲ್ಲಲೇ ಇಲ್ಲ. ವೈರಿನ ಕಟ್ಟಿಗೆ ದಾರ ಸುತ್ತಿರುವ ಜಾಗದಲ್ಲಿ ಮೆಲ್ಲಗೆ ಬಿಡಿಸಿ ನೋಡಿ, ಒಳಗೆ ಬೆಳಕು ತಾಗದ ಅಸಲಿ ಬಣ್ಣ ಉಳಿದಿರುತ್ತದೆ. ಅಷ್ಟಾದರೂ ಮಲ್ಟಿಮೀಟರ್‌ನಲ್ಲಿ ‘ಬೀಪ್’ (ಎರಡು ತುದಿಗಳ ನಡುವೆ ಕರೆಂಟಿಗೆ ದಾರಿ ಇದೆ ಅನ್ನುವ ಸದ್ದು) ಕೇಳಿ, ನಕ್ಷೆಗೆ ತಾಳೆಯಾದರೆ ಮಾತ್ರ ಕೂಡಿಸಿ.

ಬೆಸುಗೆಗೆ ಮುಂಚೆ ಹೀಟ್‌ಶ್ರಿಂಕ್ ಕೊಳವೆಯನ್ನು (ಬಿಸಿ ಮಾಡಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಪ್ಲಾಸ್ಟಿಕ್) ವೈರಿಗೆ ತೂರಿಸಿ. ಇದನ್ನು ಮರೆಯದವರು ಯಾರೂ ಇಲ್ಲ, ಬೆಸುಗೆ ಆದ ಮೇಲೆ ಹಣೆ ಚಚ್ಚಿಕೊಳ್ಳಬೇಕಾಗುತ್ತದೆ. ಎರಡೂ ತುದಿಯಲ್ಲಿ ಎರಡು ಸೆಂಟಿಮೀಟರಷ್ಟು ಹೊದಿಕೆ ತೆಗೆಯಿರಿ. ಒಳಗಿನ ತಂತಿ ಕಪ್ಪಾಗಿದ್ದರೆ ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು ಹೊಳೆಯುವಂತೆ ಮಾಡಿ, ಇಲ್ಲದಿದ್ದರೆ ಬೆಸುಗೆಯ ಸೀಸ ಕಚ್ಚದೆ ಉಂಡೆಯಾಗಿ ಜಾರುತ್ತದೆ. ತುದಿಗಳನ್ನು ಅಡ್ಡಡ್ಡ ಇಟ್ಟು, ಒಂದನ್ನು ಇನ್ನೊಂದರ ಮೈಗೆ ನಾಲ್ಕೈದು ಸುತ್ತು ಸುತ್ತಿ, ಎಳೆದು ನೋಡಿ. ಕಾಯಿಸಬೇಕಾದ್ದು ವೈರನ್ನು. ವೈರು ಕಾದರೆ ಸೀಸ ತಾನೇ ಒಳಗೆ ಹರಿಯುತ್ತದೆ. ರೋಸಿನ್ (ಬೆಸುಗೆ ಕಚ್ಚಲು ನೆರವಾಗುವ ಅಂಟು) ಇರುವ 60/40 ಸೀಸ, ಅಂದರೆ 60 ಭಾಗ ತವರ, 40 ಭಾಗ ಸೀಸ ಇರುವುದು ಸಾಕು. ನಲ್ಲಿಕೊಳಾಯಿಗೆ ಬಳಸುವ ಆಸಿಡ್ ಫ್ಲಕ್ಸ್ ಬೇಡವೇ ಬೇಡ, ವರ್ಷದೊಳಗೆ ತಂತಿ ಹಸಿರುಗಟ್ಟುತ್ತದೆ.

ತುಂಡು ಸೇರಿಸಬೇಕಾದರೆ ಅಷ್ಟೇ ದಪ್ಪದ, ಹಲವು ಎಳೆಯ ವೈರು ತನ್ನಿ. ಮನೆ ವೈರಿಂಗಿನ ಒಂಟಿ ಗಟ್ಟಿ ತಂತಿ ಇಲ್ಲಿ ಬಾಳಿಕೆ ಬರುವುದಿಲ್ಲ. ಹಲಗೆ ಎತ್ತಿದಾಗಲೆಲ್ಲ ಕೀಲಿನ ಹತ್ತಿರ ವೈರು ಬಾಗುತ್ತದೆ ಅಲ್ವಾ? ಅಲ್ಲಿ ಸ್ವಲ್ಪ ಸಡಿಲವನ್ನೂ ಬಿಡಿ.

ದೀಪಗಳ ಲೈನ್ ಬೇರೆಯೇ ಜಾತಿ. ಹೊದಿಕೆಯೇ ಇಲ್ಲದ ಬೋಳು ತಂತಿಯನ್ನು ಮರಕ್ಕೆ ಸ್ಟೇಪಲ್ ಹೊಡೆದಿರುತ್ತಾರೆ. 6 ವೋಲ್ಟ್ ಅಂತ ಹಗುರವಾಗಿ ನೋಡಬೇಡಿ. ಸಾಕೆಟ್ ಒಂದು ತಿರುಗಿ ಪಕ್ಕದ ತಂತಿಗೆ ತಾಗಿದರೂ ಫ್ಯೂಸ್ ಹೋಗುತ್ತದೆ. ಹುಡುಕಲು ಆ ಲೈನಿನ ಬಲ್ಬುಗಳನ್ನೆಲ್ಲ ಕಳಚಿ, ಫ್ಯೂಸನ್ನೂ ತೆಗೆದು, ಎರಡು ತಂತಿಗಳ ನಡುವೆ ಮೀಟರ್ ಹಿಡಿಯಿರಿ. ಫ್ಯೂಸ್ ತೆಗೆಯದಿದ್ದರೆ ಟ್ರಾನ್ಸ್‌ಫಾರ್ಮರ್‌ನ ಸುರುಳಿಯ ಮೂಲಕವೇ ಮೀಟರ್ ಕೂಗುತ್ತದೆ, ನೀವು ಇಲ್ಲದ ಶಾರ್ಟ್ ಹುಡುಕುತ್ತಾ ಕೂರುತ್ತೀರಿ. ಈಗಲೂ ಬೀಪ್ ಬಂದರೆ ಸಾಕೆಟ್‌ಗಳನ್ನು ಒಂದೊಂದಾಗಿ ಅಲ್ಲಾಡಿಸಿ, ಸದ್ದು ನಿಂತದ್ದೇ ಕಳ್ಳ. ಬಲ್ಬು ವಾಪಸ್ ಹಾಕುವಾಗ 44ರ ಬದಲು 47ನೇ ನಂಬರಿನದು ಹಾಕಿ. 44 ಎಳೆಯುವುದು 250 ಮಿಲಿಆ್ಯಂಪ್, 47 ಬರೀ 150. ಬೆಳಕು ತುಸು ಮಂದ, ಆದರೆ ಹಳೇ ವೈರಿಗೆ ಹೊರೆ ಕಡಿಮೆ.

ಕೊನೆಗೆ ಯಂತ್ರದ ಚೀಟಿಯಲ್ಲಿ ಬರೆದಷ್ಟೇ ಆ್ಯಂಪಿನ ಹೊಸ ಫ್ಯೂಸ್ ಹಾಕಿ, ಪ್ಲಗ್ ಚುಚ್ಚಿ. ಮೊದಲ ಐದು ನಿಮಿಷ ಆಡಬೇಡಿ. ಮೂಗು ಹತ್ತಿರ ತಂದು ಸುಟ್ಟ ವಾಸನೆ ಬರುತ್ತಿದೆಯಾ ನೋಡಿ. ಬಂದರೆ ಪ್ಲಗ್ ಕಿತ್ತು, ಕೊನೆಯ ಬೆಸುಗೆಯಿಂದ ಹಿಂದಕ್ಕೆ ಬನ್ನಿ.