ಅರ್ಧ ಲೀಟರ್ ಬಾಟಲಿಯೂ ನನ್ನ ಬಲಭುಜವೂ

ದಾವಣಗೆರೆಯಲ್ಲಿ ಅಕೌಂಟ್ಸ್ ಕೆಲಸ, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಮುಂದೆ ಹದಿನಾಲ್ಕು ವರ್ಷ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡುವು. ಆ ದಿನಗಳಲ್ಲಿ ಭುಜದ ಗತಿ ಏನು ಅಂತ ನಿಮಗೆ ಹೇಳಬೇಕಿಲ್ಲ. ಬಲಭುಜದ ನೋವಿನಿಂದ ನನಗೆ ಶರ್ಟಿನ ತೋಳಿಗೆ ಕೈ ತೂರಿಸುವುದೂ ಕಷ್ಟವಾಗಿತ್ತು. ಬಲಮಗ್ಗುಲಾಗಿ ಮಲಗಿ ಒಂದೂವರೆ ವರ್ಷವಾಗಿತ್ತು.

ಕಳೆದ ದುಡ್ಡು ಕೇಳಿ. ಎಂಆರ್‌ಐಗೆ ಏಳು ಸಾವಿರದ ಹತ್ತಿರ. ಸುಪ್ರಾಸ್ಪಿನೇಟಸ್ ಟೆಂಡನ್, ಅಂದರೆ ಭುಜದ ಒಂದು ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಕೆಟ್ಟಿದೆ, ಹರಿದಿಲ್ಲ ಅಂದರು. ಫಿಸಿಯೋಥೆರಪಿಯಲ್ಲಿ ಹದಿನೈದು ಸಲ ಕರೆಂಟ್ ಕೊಡಿಸಿದೆ, ಸಲಕ್ಕೆ ಮುನ್ನೂರೈವತ್ತು. ಆಮೇಲೆ ಒಂದು ಇಂಜೆಕ್ಷನ್. ಎರಡು ತಿಂಗಳು ಆರಾಮ. ವರ್ಷದ ಲೆಕ್ಕ ಮುಗಿಸುವ ಮಾರ್ಚ್ ಬಂತು, ನೋವೂ ಬಂತು. ಹನ್ನೆರಡು ಸಾವಿರದ ಕುರ್ಚಿ ತಂದೆ. ಈಗ ಅದರಲ್ಲಿ ಕೂತು ಮಗಳು ಹೋಂವರ್ಕ್ ಮಾಡುತ್ತಾಳೆ.

ಒಂದು ದಿನ ಕೈಯನ್ನೇ ನೋಡುತ್ತಾ ಕೂತೆ. ನಂಬರ್ ಪ್ಯಾಡ್ ಬಲಕ್ಕಿದೆ, ಮೌಸ್ ಅದರಾಚೆ. ಒಂದು ಗೇಣು ಹೊರಗೆ ಚಾಚಿದ ಕೈ ಸಂಜೆವರೆಗೆ ಹಾಗೇ. ನಂಬರ್ ಪ್ಯಾಡ್ ಇಲ್ಲದೆ ಟ್ಯಾಲಿ ಆಗಲ್ಲ, ಅಲ್ವಾ? ಚಿಕ್ಕ ಕೀಬೋರ್ಡ್, ಬಿಡಿ ನಂಬರ್ ಪ್ಯಾಡ್ ತಂದೆ, ಎರಡೂ ಸೇರಿ ಸಾವಿರದ ಒಂಬೈನೂರೋ ಏನೋ. ಪ್ಯಾಡ್ ಎಡಕ್ಕೆ ಹೋಯಿತು, ಮೌಸ್ ಹತ್ತಿರ ಬಂತು. ಮೊದಲ ವಾರ ಎಡಗೈ ತಪ್ಪಿ 54,000 ಹೋಗಿ 45,000 ಆಯಿತು. ಮಾಲೀಕರಿಂದ ಚೆನ್ನಾಗಿ ಬೈಸಿಕೊಂಡೆ.

ಆದರೆ ಅಷ್ಟಕ್ಕೇ ಹೋಗುವ ನೋವಲ್ಲ ಅದು. ಜೊತೆಗೆ ವ್ಯಾಯಾಮ ಶುರು ಮಾಡಿದೆ. ಮೊಣಕೈ ಮಡಚಿ ಪಕ್ಕೆಗೆ ಒತ್ತಿ, ಮುಂಗೈ ಹಿಂಭಾಗದಿಂದ ಬಾಗಿಲ ಚೌಕಟ್ಟನ್ನು ನೂಕುವುದು. ನಲವತ್ತು ಸೆಕೆಂಡ್, ಐದು ಸಲ. ಮೂರು ವಾರದ ನಂತರ ಎಡಮಗ್ಗುಲಾಗಿ ಮಲಗಿ, ಮೊಣಕೈ ಕೆಳಗೆ ಸುತ್ತಿದ ಟವೆಲ್ ಇಟ್ಟು, ಲೀಟರ್ ಬಾಟಲಿಗೆ ಅರ್ಧ ಲೀಟರ್ ನೀರು ತುಂಬಿ ಬಲಗೈಯಲ್ಲಿ ಎತ್ತಿದೆ. ವಾರಕ್ಕೆ ಒಂದು ಲೋಟಕ್ಕಿಂತ ಕಡಿಮೆ ನೀರು ಸೇರಿಸಿದೆ.

"ನೋವಿರೋ ಕೈಯಲ್ಲೇ ಭಾರ ಎತ್ತೋದಾ? ಬುದ್ಧಿ ಇದೆಯೇನ್ರೀ?" ಅಂದಳು ಹೆಂಡತಿ. ಆಫೀಸಿನವರು ನಕ್ಕರು. ನನ್ನ ಲೆಕ್ಕ ಇಷ್ಟೇ: ಹತ್ತಕ್ಕೆ ಮೂರು ನೋವಿದ್ದರೆ ಪರವಾಗಿಲ್ಲ, ಮರುದಿನ ಬೆಳಗ್ಗೆ ಜಾಸ್ತಿಯಾದರೆ ನೀರು ಚೆಲ್ಲು. ಐದನೇ ವಾರ ಹುಮ್ಮಸ್ಸಿನಲ್ಲಿ ಲೀಟರ್ ಪೂರ್ತಿ ತುಂಬಿದೆ. ನಾಲ್ಕು ದಿನ ತಲೆ ಬಾಚಲಾಗಲಿಲ್ಲ. ಮತ್ತೆ ಅರ್ಧಕ್ಕೆ.

ನಡುವೆ ಸುಮ್ನೆ ಮರಳು ತುಂಬಿಯೂ ನೋಡಿದೆ. ನೀರೇ ವಾಸಿ, ಅದು ಒಳಗೆ ತುಳುಕುತ್ತೆ, ಕೈ ತಡೆದು ಹಿಡಿಯಬೇಕಾಗುತ್ತೆ. ಆಯುರ್ವೇದದ ಮಹಾನಾರಾಯಣ ತೈಲ ಹಚ್ಚಿದ್ದರಿಂದ ನಿದ್ದೆ ಬಂತು, ದಿಂಬಿನ ಕವರ್ ಹಾಳಾಯಿತು.

ನಾಲ್ಕನೇ ತಿಂಗಳು ಅಟ್ಟದ ಮೇಲಿನ ಹಿಟ್ಟಿನ ಡಬ್ಬ ಒಂದೇ ಕೈಯಲ್ಲಿ ಇಳಿಸಿದೆ. ಹೆಂಡತಿ ನೋಡಲಿ ಅಂತಲೇ. ಇಂಜೆಕ್ಷನ್ ಕೊಟ್ಟ ಡಾಕ್ಟರಿಗೂ ಕೈ ಎತ್ತಿ ತೋರಿಸಿ ಬಂದೆ. ಖುಷಿಪಟ್ಟರು, ಫೀಸು ಮಾತ್ರ ಬಿಡಲಿಲ್ಲ.

ಈಗ ಎಡಭುಜ ಸ್ವಲ್ಪ ಹಿಡಿಯುತ್ತಿದೆ. ನಂಬರ್ ಪ್ಯಾಡ್ ಹತ್ತಿರ ಎಳೆದುಕೊಂಡಿದ್ದೇನೆ, ಬಾಟಲಿ ಎರಡಾಗಿವೆ.